ಮಳೆ ರಜೆಗೆ ಯಾವ ಪ್ರಾಣಿ ಸಿನಿಮಾ? ಚಾರ್ಲಿ, ಹಾಚಿ ಮತ್ತು ಇನ್ನು ನಾಲ್ಕು

ಮಳೆಗಾಲದಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆ ಒಂದು ರಜೆ ಉಂಟು. ರಾತ್ರಿಯಿಡೀ ಮಳೆ ಹೊಡೆಯುತ್ತದೆ, ರೆಡ್ ಅಲರ್ಟ್ ಬರುತ್ತದೆ, ಡಿಸಿ ಶಾಲೆಗಳಿಗೆ ರಜೆ ಘೋಷಿಸುತ್ತಾರೆ. ಹೊರಗೆ ಕಾಲಿಡುವ ಹಾಗಿಲ್ಲ. ಕರೆಂಟು ಇದ್ದರೆ ಮಕ್ಕಳು ಟಿವಿ ಮುಂದೆ, ಅಜ್ಜ ಅಜ್ಜಿ ಅವರ ಹಿಂದೆ. ಎಲ್ಲರೂ ಒಟ್ಟಿಗೆ ಕೂತು ನೋಡುವಂಥದ್ದು ಏನು ಹಾಕುವುದು?

ಪ್ರಾಣಿಗಳ ಸಿನಿಮಾ ಇಂಥ ದಿನಕ್ಕೆ ತುಂಬಾ ಒಳ್ಳೆಯ ಆಯ್ಕೆ. ಆದರೆ ಎಲ್ಲ ಪ್ರಾಣಿ ಸಿನಿಮಾ ಒಂದೇ ಅಲ್ಲ. ಕೆಲವು ಐದು ವರ್ಷದ ಮಗುವನ್ನು ವಾರಗಟ್ಟಲೆ ಕಾಡುತ್ತವೆ. ಕೆಲವು ಹದಿಹರೆಯದವರನ್ನು ಮಾತ್ರ ಮುಟ್ಟುತ್ತವೆ. ಕೆಲವಕ್ಕೆ ಅಜ್ಜಿಗೆ ಭಾಷೆಯೇ ಅಡ್ಡ. ಹಾಗಾಗಿ ಆರು ಸಿನಿಮಾಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಕಥೆಯ ಕೊನೆಯನ್ನೂ ಹೇಳಿದ್ದೇನೆ. ಮಕ್ಕಳಿಗೆ ತೋರಿಸುವ ಮೊದಲು ಹೆತ್ತವರಿಗೆ ಅದು ಗೊತ್ತಿರಬೇಕು.

ಮೊದಲು, ಅಳು ಎಲ್ಲಿಂದ ಬರುತ್ತದೆ?

ಪ್ರಾಣಿ ಸತ್ತರೆ ಜನ ಅಳುತ್ತಾರೆ ಎಂದು ತುಂಬಾ ಮಂದಿ ಅಂದುಕೊಂಡಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಾಯುವ ದೃಶ್ಯ ಕೊನೆಯ ಹತ್ತು ನಿಮಿಷದಲ್ಲಿ ಬರುತ್ತದೆ. ಆದರೆ ಅಳು ಕಟ್ಟಿಕೊಳ್ಳುವುದು ಅದಕ್ಕೂ ತುಂಬಾ ಮೊದಲು. ಆ ಪ್ರಾಣಿ ಎಲ್ಲಿ ಮಲಗುತ್ತದೆ, ಏನು ತಿನ್ನುತ್ತದೆ, ಬಾಗಿಲ ಸದ್ದಿಗೆ ಹೇಗೆ ಎದ್ದು ಬರುತ್ತದೆ ಎಂಬುದನ್ನೆಲ್ಲ ನೋಡುತ್ತಾ ನೋಡುತ್ತಾ ಅದರ ದಿನಚರಿಗೆ ನಾವು ಒಗ್ಗಿಬಿಟ್ಟಿರುತ್ತೇವೆ. ಆ ದಿನಚರಿ ತುಂಡಾದಾಗ ಗಂಟಲು ಕಟ್ಟುತ್ತದೆ.

ಪುಣ್ಯಕೋಟಿಯ ಕಥೆ ನೆನಪಿಸಿಕೊಳ್ಳಿ. ಕನ್ನಡದ ಮಕ್ಕಳು ತಲೆಮಾರುಗಳಿಂದ ಅದಕ್ಕೆ ಅತ್ತಿದ್ದಾರೆ. ಎಲ್ಲಿ ಅಳುತ್ತಾರೆ? ಹುಲಿ ಹಾರಿ ಪ್ರಾಣ ಬಿಡುವಲ್ಲಿ ಅಲ್ಲ. ಅಮ್ಮ ಹೋದ ಮೇಲೆ ತನಗೆ ಹಾಲು ಕೊಡುವವರು ಯಾರು, ತಾನು ಯಾರ ಹತ್ತಿರ ಮಲಗಲಿ ಎಂದು ಕರು ಕೇಳುವಲ್ಲಿ. ಹಾಲು, ನಿದ್ದೆ. ಅಷ್ಟೇ ಸಣ್ಣ ವಿಷಯಗಳು.

ಕಂಬಳದ ಕೋಣ ಸಾಕಿದ ಮನೆಯವರಿಗೆ ಇದನ್ನು ವಿವರಿಸುವುದೇ ಬೇಡ. ದಿನಾ ಎಣ್ಣೆ ತಿಕ್ಕಿ, ಮೀಯಿಸಿ, ಹುರುಳಿ ಬೇಯಿಸಿ ಹಾಕಿದ ಕೋಣ ತೀರಿಕೊಂಡರೆ ಆ ಮನೆಯಲ್ಲಿ ಮಕ್ಕಳಿಂದ ಹಿಡಿದು ಯಜಮಾನರವರೆಗೆ ಎಲ್ಲರೂ ಅಳುತ್ತಾರೆ. ಹೆಸರು ಮಾಡಿದ ಕೋಣವಾದರೆ ಊರಿನವರೆಲ್ಲ ಬಂದು ವಿದಾಯ ಹೇಳುತ್ತಾರೆ.

ಇನ್ನೊಂದು ಕಾರಣ ಕಣ್ಣು. ನಾಯಿ ಮತ್ತು ಅದನ್ನು ಸಾಕಿದವರು ಒಬ್ಬರನ್ನೊಬ್ಬರು ನೋಡುತ್ತಾ ಇದ್ದರೆ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಎಂಬ ಹಾರ್ಮೋನು ಜಾಸ್ತಿಯಾಗುತ್ತದೆ ಎಂದು ಜಪಾನಿನ ಸಂಶೋಧಕರು 2015ರಲ್ಲಿ ತೋರಿಸಿದರು. ತಾಯಿ ಮತ್ತು ಮಗುವಿನ ನಡುವಿನ ಬಂಧಕ್ಕೂ ಇದೇ ಹಾರ್ಮೋನು ನೆರವಾಗುತ್ತದೆ. ಒಳ್ಳೆಯ ನಿರ್ದೇಶಕರಿಗೆ ಇದು ಅನುಭವದಿಂದಲೇ ಗೊತ್ತು. ಅವರು ಕ್ಯಾಮೆರಾವನ್ನು ಪ್ರಾಣಿಯ ಕಣ್ಣಿನ ಎತ್ತರಕ್ಕೆ ಇಳಿಸುತ್ತಾರೆ. ಪ್ರಾಣಿಗೆ ಮಾತಿಲ್ಲ. ಅದರ ಮನಸ್ಸಿನಲ್ಲಿ ಏನಿದೆ ಎಂದು ತುಂಬಿಕೊಳ್ಳುವವರು ನಾವೇ. ನಮ್ಮ ಮನೆಯಲ್ಲಿ ಕಳೆದುಕೊಂಡವರ ನೆನಪೂ ಅದರ ಜೊತೆ ಬಂದು ಸೇರುತ್ತದೆ.

ಹಾಗಾಗಿ ಸಿನಿಮಾ ಆರಿಸುವಾಗ ನಾನು ಕೇಳುವುದು ಒಂದೇ: ಈ ಸಿನಿಮಾ ಪ್ರಾಣಿಯ ಜೊತೆ ಎಷ್ಟು ಹೊತ್ತು ಸುಮ್ನೆ ಇರುತ್ತದೆ?

777 ಚಾರ್ಲಿ ಮತ್ತು ಹಾಚಿ

ಹೆಚ್ಚಿನ ಮನೆಗಳಲ್ಲಿ ಆಯ್ಕೆ ಕೊನೆಗೆ ಬಂದು ನಿಲ್ಲುವುದು ಈ ಎರಡರ ನಡುವೆ. ಎರಡೂ ನಾಯಿಯ ಕಥೆ. ಎರಡೂ ಅಳಿಸುತ್ತವೆ. ಆದರೆ ಅಳಿಸುವ ದಾರಿ ಪೂರ್ತಿ ಬೇರೆ.

777 ಚಾರ್ಲಿ ಬಂದದ್ದು 2022ರ ಜೂನ್‌ನಲ್ಲಿ. ನಮಗೆ ಇದು ಊರಿನ ಸಿನಿಮಾ ಎಂದೇ ಹೇಳಬೇಕು. ನಿರ್ದೇಶಕ ಕಿರಣ್‌ರಾಜ್ ಕಾಸರಗೋಡಿನವರು, ನಾಯಕ ರಕ್ಷಿತ್ ಶೆಟ್ಟಿ ಉಡುಪಿಯವರು, ಪಶುವೈದ್ಯನ ಪಾತ್ರ ಮಾಡಿದ ರಾಜ್ ಬಿ. ಶೆಟ್ಟಿ ಮಂಗಳೂರಿನಲ್ಲಿ ಬೆಳೆದವರು. ಕಥೆ ಮಾತ್ರ ಮೈಸೂರಿನಲ್ಲಿ ಶುರುವಾಗುತ್ತದೆ. ಧರ್ಮ ಎಂಬ ಒಂಟಿ ಮನುಷ್ಯ. ಚಿಕ್ಕಂದಿನಲ್ಲೇ ಅಪಘಾತದಲ್ಲಿ ಮನೆಯವರನ್ನು ಕಳೆದುಕೊಂಡವನು. ಫ್ಯಾಕ್ಟರಿ, ಮನೆ, ಇಡ್ಲಿ, ಸಿಗರೇಟು, ಬಿಯರು, ಚಾಪ್ಲಿನ್ ಸಿನಿಮಾ. ಅವನ ಬದುಕಿಗೆ ಒಂದು ಲ್ಯಾಬ್ರಡಾರ್ ನುಗ್ಗುತ್ತದೆ. ಕೆಟ್ಟ ರೀತಿಯಲ್ಲಿ ಮರಿ ಮಾಡಿಸಿ ಮಾರುವವನ ಕೈಯಿಂದ ತಪ್ಪಿಸಿಕೊಂಡು ಬಂದ ನಾಯಿ ಅದು. ನಾಯಿಯೇ ಬೇಡ ಎನ್ನುವವನು ಮೆಲ್ಲ ಕರಗುತ್ತಾನೆ. ಆಮೇಲೆ ಅದಕ್ಕೆ ಕ್ಯಾನ್ಸರ್ ಎಂದು ಗೊತ್ತಾಗುತ್ತದೆ. ಟಿವಿಯಲ್ಲಿ ಹಿಮ ಕಂಡರೆ ಕುಣಿಯುವ ಚಾರ್ಲಿಗೆ ನಿಜವಾದ ಹಿಮ ತೋರಿಸಲು ಅವನು ಸೈಡ್‌ಕಾರ್ ಇರುವ ಬೈಕಿನಲ್ಲಿ ಹಿಮಾಲಯಕ್ಕೆ ಹೊರಡುತ್ತಾನೆ. ಕೊನೆಗೆ ಹಿಮದ ನಡುವೆ ಚಾರ್ಲಿ ತೀರಿಕೊಳ್ಳುತ್ತದೆ, ಒಂದು ಮರಿಯನ್ನು ಬಿಟ್ಟು.

ಈ ಸಿನಿಮಾದ ನಿಜವಾದ ಬಲ ಮೊದಲ ಅರ್ಧ. ಚಪ್ಪಲಿ ಕಚ್ಚುವುದು, ಅನ್ನ ಚೆಲ್ಲುವುದು, ಮನೆಯವನು ಬರುವ ತನಕ ಬಾಗಿಲಲ್ಲಿ ಕೂರುವುದು. ಕಾಲೊನಿಯ ಪುಟ್ಟ ಹುಡುಗಿ ಅದ್ರಿಕಾ ಮತ್ತು ಚಾರ್ಲಿಯ ಗೆಳೆತನ. ಈ ಎಲ್ಲಕ್ಕೂ ನಿರ್ದೇಶಕರು ಧಾರಾಳವಾಗಿ ಸಮಯ ಕೊಟ್ಟಿದ್ದಾರೆ. ಆ ಸಮಯವೇ ಕೊನೆಯಲ್ಲಿ ಕಣ್ಣೀರಾಗಿ ಬರುತ್ತದೆ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ ಎಲ್ಲರೆದುರು ಅತ್ತದ್ದು ತುಂಬಾ ಜನರಿಗೆ ನೆನಪಿರಬಹುದು. ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ತೀರಿಕೊಂಡಿತ್ತು. ಆಮೇಲೆ ರಾಜ್ಯ ಸರ್ಕಾರ ಈ ಸಿನಿಮಾಕ್ಕೆ ಆರು ತಿಂಗಳು ತೆರಿಗೆ ವಿನಾಯಿತಿ ಕೊಟ್ಟಿತು. ಮುಂದೆ ಕನ್ನಡದ ಅತ್ಯುತ್ತಮ ಚಿತ್ರ ಎಂಬ ರಾಷ್ಟ್ರ ಪ್ರಶಸ್ತಿಯೂ ಬಂತು.

ಎರಡನೇ ಅರ್ಧ ನನಗೆ ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ. ಪ್ರಯಾಣದಲ್ಲಿ ಹೊಸ ಹೊಸ ಜನ ಸಿಗುತ್ತಾ ಹೋಗುತ್ತಾರೆ, ನಾಯಿಯ ಜೊತೆಗಿನ ನಮ್ಮ ಏಕಾಂತ ಕಡಿಮೆಯಾಗುತ್ತದೆ. ಕೊನೆಯ ಭಾಗದಲ್ಲಿ ಸಂಗೀತವೂ ಜೋರು. ಒಟ್ಟು ಎರಡೂವರೆ ಗಂಟೆಗೂ ಜಾಸ್ತಿ. ಸಣ್ಣ ಮಕ್ಕಳು ಅಷ್ಟು ಹೊತ್ತು ಕೂರುವುದು ಕಷ್ಟ.

ಹಾಚಿ ಇದಕ್ಕೆ ಎದುರು ತುದಿ. 2009ರ ಇಂಗ್ಲಿಷ್ ಸಿನಿಮಾ, ರಿಚರ್ಡ್ ಗೇರ್ ನಾಯಕ, ಒಂದೂವರೆ ಗಂಟೆ ಅಷ್ಟೇ. ಕಥೆ ಅಮೆರಿಕದಲ್ಲಿ ನಡೆಯುತ್ತದೆ, ಆದರೆ ಮೂಲ ಜಪಾನಿನ ನಿಜ ಘಟನೆ. ಟೋಕಿಯೋದ ವಿಶ್ವವಿದ್ಯಾಲಯದಲ್ಲಿ ಕೃಷಿ ಪಾಠ ಮಾಡುತ್ತಿದ್ದ ಹಿಡೆಸಾಬುರೊ ಉಯೆನೊ ಎಂಬ ಪ್ರೊಫೆಸರ್ 1924ರಲ್ಲಿ ಅಕಿತಾ ತಳಿಯ ಮರಿಯೊಂದನ್ನು ತಂದರು. ಹಾಚಿ ದಿನಾ ಸಂಜೆ ಶಿಬುಯಾ ಸ್ಟೇಷನ್ನಿಗೆ ಹೋಗಿ ಅವರನ್ನು ಕರೆದುಕೊಂಡು ಬರುತ್ತಿತ್ತು. 1925ರ ಮೇನಲ್ಲಿ ಪ್ರೊಫೆಸರ್ ಕೆಲಸದ ಜಾಗದಲ್ಲೇ ತೀರಿಕೊಂಡರು. ಹಾಚಿ ಮಾತ್ರ ಸ್ಟೇಷನ್ನಿಗೆ ಹೋಗುವುದನ್ನು ಬಿಡಲಿಲ್ಲ. 1935ರ ಮಾರ್ಚ್‌ನಲ್ಲಿ ಸಾಯುವ ತನಕ, ಹತ್ತಿರ ಹತ್ತಿರ ಹತ್ತು ವರ್ಷ, ಅದು ಕಾಯುತ್ತಲೇ ಇತ್ತು. ಅದು ಬದುಕಿರುವಾಗಲೇ, 1934ರಲ್ಲಿ, ಸ್ಟೇಷನ್ ಎದುರು ಅದರ ಪ್ರತಿಮೆ ನಿಂತಿತು. ಯುದ್ಧದ ಕಾಲದಲ್ಲಿ ಲೋಹಕ್ಕಾಗಿ ಅದನ್ನು ಕರಗಿಸಿದರು. 1948ರಲ್ಲಿ ಮತ್ತೆ ಹೊಸದು ನಿಲ್ಲಿಸಿದರು.

ಸಿನಿಮಾದಲ್ಲಿ ಹೆಚ್ಚೇನೂ ನಡೆಯುವುದಿಲ್ಲ. ರೈಲು ಬರುತ್ತದೆ, ಜನ ಇಳಿಯುತ್ತಾರೆ, ನಾಯಿ ನೋಡುತ್ತದೆ. ಮತ್ತೆ ರೈಲು, ಮತ್ತೆ ಜನ. ನಡುನಡುವೆ ನಾಯಿಯ ಕಣ್ಣಿನಿಂದ ಕಂಡ ಹಾಗೆ ಬಣ್ಣ ಮಾಸಿದ ದೃಶ್ಯಗಳು. ವಿಲನ್ ಇಲ್ಲ, ಹೊಡೆದಾಟ ಇಲ್ಲ, ರೋಗ ಇಲ್ಲ. ಹೀಗೆ ಏನೂ ನಡೆಯದ ಕಡೆ ನಾವು ನಾಯಿಯ ಜೊತೆ ಕಾಯಲು ಕಲಿಯುತ್ತೇವೆ. ದಿನಚರಿಯಿಂದ ಅಳು ಹುಟ್ಟುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮಲ್ಪೆಯಲ್ಲಿ ಬೋಟು ಬರುವ ಹೊತ್ತು ಕಾದವರಿಗೆ, ಮಗ ಗಲ್ಫಿನಿಂದ ಬರುವ ದಿನ ಎಣಿಸಿದ ಅಮ್ಮಂದಿರಿಗೆ ಈ ಸಿನಿಮಾ ಬೇರೆಯೇ ರೀತಿ ತಟ್ಟುತ್ತದೆ. ಕರಾವಳಿಯ ಮನೆಗಳಿಗೆ ಕಾಯುವುದು ಗೊತ್ತು.

ಹಾಗಾದರೆ ಯಾವುದು? ಮಕ್ಕಳು ಹತ್ತು ದಾಟಿದವರಾಗಿದ್ದು, ಮನೆಯಲ್ಲಿ ಎಲ್ಲರಿಗೂ ಕನ್ನಡವೇ ಬೇಕಾದರೆ ಚಾರ್ಲಿ. ನಗುವೂ ಉಂಟು, ಸಾಹಸವೂ ಉಂಟು. ಸಬ್‌ಟೈಟಲ್ ಓದುವ ಕಷ್ಟ ಅಜ್ಜಿಗೆ ಇಲ್ಲ. ಕುಡಿತ, ಸಿಗರೇಟು, ಹೊಡೆದಾಟದ ದೃಶ್ಯ ಇರುವುದು ಮಾತ್ರ ನೆನಪಿರಲಿ. ಇತ್ತೀಚೆಗೆ ಮನೆಯಲ್ಲಿ ಯಾರಾದರೂ ತೀರಿಕೊಂಡಿದ್ದರೆ ಹಾಚಿಯನ್ನು ಸದ್ಯಕ್ಕೆ ಬಿಡಿ. ಅದರಲ್ಲಿ ಮೊದಲು ಸಾಯುವುದು ಮನುಷ್ಯ, ಕಾಯುತ್ತಾ ಉಳಿಯುವುದು ನಾಯಿ. ಅಪ್ಪನನ್ನೋ ಅಜ್ಜನನ್ನೋ ಹೊಸದಾಗಿ ಕಳೆದುಕೊಂಡ ಮಗುವಿಗೆ ಆ ಕಾಯುವಿಕೆ ಸಹಿಸಲಾಗದ ಭಾರ. ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಚಾರ್ಲಿಯ ಬಗ್ಗೆಯೂ ಇದೇ ಮಾತು.

ನನಗೆ ಒಂದನ್ನೇ ಆರಿಸಿ ಎಂದರೆ ಹಾಚಿ ಎನ್ನುತ್ತೇನೆ. ಆದರೆ ಮೂರು ತಲೆಮಾರು ಒಟ್ಟಿಗೆ ಕೂತ ಮನೆಗೆ ಚಾರ್ಲಿಯೇ ಸರಿ.

ಸಾವಿಲ್ಲದೆಯೂ ಅಳಿಸುವ ಸಿನಿಮಾ

ಆರು ಏಳು ವರ್ಷದ ಮಕ್ಕಳಿದ್ದರೆ ನಾನು ಮೊದಲು ಹೇಳುವ ಹೆಸರು ದಿ ಎಲಿಫೆಂಟ್ ವಿಸ್ಪರರ್ಸ್. 2022ರ ಈ ಸಾಕ್ಷ್ಯಚಿತ್ರ ಸುಮಾರು 40 ನಿಮಿಷ ಅಷ್ಟೇ. ಕಾರ್ತಿಕಿ ಗೊನ್ಸಾಲ್ವಿಸ್ ನಿರ್ದೇಶನ. 2023ರಲ್ಲಿ ಆಸ್ಕರ್ ಬಂತು. ಬಂಡೀಪುರಕ್ಕೆ ತಾಗಿಕೊಂಡಿರುವ ಮುದುಮಲೈ ಕಾಡಿನ ತೆಪ್ಪಕಾಡು ಆನೆ ಶಿಬಿರದಲ್ಲಿ ಬೊಮ್ಮನ್, ಬೆಳ್ಳಿ ಎಂಬ ದಂಪತಿ ರಘು ಎಂಬ ತಬ್ಬಲಿ ಮರಿಯಾನೆಯನ್ನು ಸಾಕುತ್ತಾರೆ. ಆಮೇಲೆ ಅಮ್ಮು ಎಂಬ ಇನ್ನೂ ಪುಟ್ಟ ಮರಿ ಬರುತ್ತದೆ. ಮೀಯಿಸುವುದು, ಮುದ್ದೆ ತಿನ್ನಿಸುವುದು, ಬೈಯುವುದು, ಮುದ್ದು ಮಾಡುವುದು. ಸಿನಿಮಾದ ತುಂಬ ಬರೀ ದಿನಚರಿ.

ಇಲ್ಲಿ ಗಂಟಲು ಕಟ್ಟುವುದು ಬೇರ್ಪಡುವಲ್ಲಿ. ರಘು ದೊಡ್ಡವನಾದ ಮೇಲೆ ಇಲಾಖೆಯವರು ಅವನನ್ನು ಬೇರೆ ಮಾವುತರಿಗೆ ಒಪ್ಪಿಸುತ್ತಾರೆ. ಆನೆ ಬದುಕಿದೆ, ಚೆನ್ನಾಗಿದೆ, ಆದರೆ ಇವರ ಹತ್ತಿರ ಇಲ್ಲ. ಮಗುವಿನ ಮನಸ್ಸಿಗೆ ಇದು ತಾಳಿಕೊಳ್ಳಬಹುದಾದ ದುಃಖ. ಅದರ ಬಗ್ಗೆ ಮಾತಾಡಲೂ ಸುಲಭ. ಭಾಷೆ ತಮಿಳು. ನಮ್ಮಲ್ಲಿ ಮಲಯಾಳ ಗೊತ್ತಿರುವವರಿಗೆ ಅಷ್ಟು ಕಷ್ಟವಾಗುವುದಿಲ್ಲ. ಗೊತ್ತಿಲ್ಲದವರಿಗೂ ಅರ್ಧ ಕಥೆ ಮಾತಿಲ್ಲದೆಯೇ ತಿಳಿಯುತ್ತದೆ.

ನಮ್ಮ ಮಕ್ಕಳು ಕಟೀಲಿಗೋ ಧರ್ಮಸ್ಥಳಕ್ಕೋ ಹೋದರೆ ಮೊದಲು ಹುಡುಕುವುದು ಆನೆಯನ್ನು. ಈ ಸಿನಿಮಾ ನೋಡಿದ ಮೇಲೆ ಅವರ ಪ್ರಶ್ನೆಗಳು ಬದಲಾಗುತ್ತವೆ. ಇದರ ಅಮ್ಮ ಎಲ್ಲಿ? ಇದು ದಿನಾ ಎಷ್ಟು ನಡೆಯುತ್ತದೆ? ರಾತ್ರಿ ಒಬ್ಬಳೇ ಇರುತ್ತಾಳಾ? ಉತ್ತರ ಕೊಡಲು ನಾವೂ ಸ್ವಲ್ಪ ತಯಾರಾಗಿರಬೇಕು.

ಆನೆಯದ್ದೇ ಇನ್ನೊಂದು, 1971ರ ಹಾಥಿ ಮೇರೆ ಸಾಥಿ. ಇದರಲ್ಲಿ ಮಾತ್ರ ಸಾವು ಉಂಟು. ಮನೆಯಲ್ಲಿ ಮುಂಬೈಯ ಹೋಟೆಲಿನಲ್ಲಿ ದುಡಿದು ಬಂದ ಅಜ್ಜ ಇದ್ದರೆ ಇದನ್ನು ಹಾಕಿ. ಹಿಂದಿಯೂ ಬರುತ್ತದೆ, ರಾಜೇಶ್ ಖನ್ನಾನೂ ಗೊತ್ತು, ಹಾಡೂ ಬಾಯಿಪಾಠ. ಒಡೆಯನಿಗಾಗಿ ಪ್ರಾಣ ಕೊಡುವ ಆನೆ ರಾಮುವನ್ನು ನೋಡಿ ಆ ತಲೆಮಾರು ಥಿಯೇಟರಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಿದೆ. ಆದರೆ ಇವತ್ತಿನ ಮಕ್ಕಳಿಗೆ ಒಂದು ಮಾತು ಹೇಳಿ ತೋರಿಸಿ. ವನ್ಯಜೀವಿ ರಕ್ಷಣಾ ಕಾಯ್ದೆ ಬಂದದ್ದು ಅದರ ಮರುವರ್ಷ, 1972ರಲ್ಲಿ. ಹುಲಿ, ಆನೆಗಳನ್ನು ಸಿನಿಮಾಕ್ಕಾಗಿ ಆಡಿಸುವುದು ಆಗ ಸಾಮಾನ್ಯವಾಗಿತ್ತು. ಈಗ ಸಿನಿಮಾದಲ್ಲಿ ಪ್ರಾಣಿ ಬಳಸಬೇಕಾದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಬೇಕು.

ಸಮುದ್ರದ ಮಕ್ಕಳಿಗೆ ಆಕ್ಟೋಪಸ್

ಮೈ ಆಕ್ಟೋಪಸ್ ಟೀಚರ್ 2020ರ ಸಾಕ್ಷ್ಯಚಿತ್ರ. ದಕ್ಷಿಣ ಆಫ್ರಿಕಾದ ಕ್ರೇಗ್ ಫಾಸ್ಟರ್ ಎಂಬವರು ಕೇಪ್‌ಟೌನ್ ಹತ್ತಿರದ ಸಮುದ್ರದಲ್ಲಿ ದಿನಾ ಮುಳುಗಿ ಒಂದೇ ಆಕ್ಟೋಪಸ್ ಅನ್ನು ನೋಡುತ್ತಾ ಹೋಗುತ್ತಾರೆ. ಮೊದಲು ಅದು ಹೆದರಿ ಅಡಗುತ್ತದೆ. ಒಂದು ದಿನ ಕೈ ಚಾಚಿ ಅವರ ಕೈ ಮುಟ್ಟುತ್ತದೆ. ಶಾರ್ಕ್ ಅದರ ಒಂದು ತೋಳು ಕಿತ್ತುಕೊಂಡು ಹೋಗುತ್ತದೆ, ಆ ತೋಳು ಮತ್ತೆ ಬೆಳೆಯುತ್ತದೆ. ಕೊನೆಗೆ ಮೊಟ್ಟೆ ಇಟ್ಟು, ಅವುಗಳನ್ನು ಕಾದು, ಅದು ಸಾಯುತ್ತದೆ. ಹೆಣ್ಣು ಆಕ್ಟೋಪಸ್‌ಗಳ ಬದುಕೇ ಹಾಗೆ.

ಕಣ್ಣಲ್ಲಿ ಕಣ್ಣಿಟ್ಟು ನೋಡುವ ಮುದ್ದು ಮುಖ ಇಲ್ಲದ ಪ್ರಾಣಿಗೂ ಜನ ಅತ್ತರು ಎನ್ನುವುದು ನನಗೆ ದೊಡ್ಡ ವಿಷಯ. ಅಲ್ಲೂ ಕೆಲಸ ಮಾಡಿದ್ದು ದಿನಾ ಹೋಗುವ ಅಭ್ಯಾಸವೇ. ಸಮುದ್ರದಲ್ಲಿ ಇರುವುದೆಲ್ಲ ಬಲೆಗೆ ಬೀಳುವ ಮಾಲು ಎಂದೇ ಕಂಡು ಬೆಳೆದ ನಮ್ಮ ತೀರದ ಮಕ್ಕಳಿಗೆ, ಅದರಲ್ಲೂ ಎಂಟನೇ, ಒಂಬತ್ತನೇ ಕ್ಲಾಸಿನವರಿಗೆ, ಇದನ್ನು ಖಂಡಿತ ತೋರಿಸಬೇಕು. ಸಣ್ಣವರಿಗೆ ಬೋರ್ ಹೊಡೆಯುತ್ತದೆ.

ಹಂದಿಮರಿ ಬೇಬ್

1995ರ ಬೇಬ್ ಆಸ್ಟ್ರೇಲಿಯಾದ ಸಿನಿಮಾ. ಕುರಿ ಕಾಯುವ ನಾಯಿಯ ಕೆಲಸ ಕಲಿಯುವ ಹಂದಿಮರಿಯ ಕಥೆ. ಪ್ರಾಣಿಗಳು ಮಾತಾಡುತ್ತವೆ, ಇಲಿಗಳು ಹಾಡುತ್ತವೆ, ಬಾತುಕೋಳಿಯೊಂದು ಹುಂಜದ ಹಾಗೆ ಕೂಗುತ್ತದೆ. ಒಂದೂವರೆ ಗಂಟೆ, ಕೊನೆ ಸಂತೋಷದ್ದು. ಐದು ವರ್ಷದ ಮಗುವಿಗೆ ಪ್ರಾಣಿ ಸಿನಿಮಾದ ರುಚಿ ಹತ್ತಿಸಲು ಸರಿಯಾದದ್ದು ಇದು. ಮೊದಲಲ್ಲೇ ಮರಿಯ ಅಮ್ಮನನ್ನು ಲಾರಿಯಲ್ಲಿ ಒಯ್ಯುತ್ತಾರೆ, ನಡುವೆ ಒಂದು ಕುರಿ ಸಾಯುತ್ತದೆ. ಆ ಎರಡು ಕಡೆ ಪಕ್ಕದಲ್ಲಿ ಕೂತಿರಿ.

ಒಂದು ಪ್ರಶ್ನೆಗೆ ಸಿದ್ಧರಾಗಿರಿ. ನಾವು ಕೋಳಿ ತಿನ್ನುವುದು, ಪಕ್ಕದ ಮನೆಯವರು ಹಬ್ಬಕ್ಕೆ ಹಂದಿ ಬಾಫಾತ್ ಮಾಡುವುದು ಯಾಕೆ ಎಂದು ಮಗು ಕೇಳಿಯೇ ಕೇಳುತ್ತದೆ. ಗದರಿಸಬೇಡಿ. ನಮ್ಮ ಮನೆಯಲ್ಲಿ ಹೀಗೆ, ಕೆಲವರ ಮನೆಯಲ್ಲಿ ಹಾಗೆ, ದೊಡ್ಡವನಾದ ಮೇಲೆ ನೀನೇ ಯೋಚನೆ ಮಾಡಬಹುದು ಎಂದರೆ ಸಾಕು. ಪಕ್ಕದ ಮನೆಯವರನ್ನು ಕೆಟ್ಟವರನ್ನಾಗಿ ಮಾಡುವ ಉತ್ತರ ಮಾತ್ರ ಬೇಡ.

ಥಿಯೇಟರಾ, ಮನೆಯಾ?

ಇಂಥ ಹೊಸ ಸಿನಿಮಾ ಬಂದಾಗ ಬಿಜೈಯ ಭಾರತ್ ಮಾಲಿಗೋ ಮಣಿಪಾಲಕ್ಕೋ ಹೋಗುವುದಾ, ಓಟಿಟಿಗೆ ಬರುವ ತನಕ ಕಾಯುವುದಾ? ದೊಡ್ಡವರಿಗೆ ಥಿಯೇಟರೇ ಒಳ್ಳೆಯದು ಎನ್ನುತ್ತೇನೆ. ನಮ್ಮ ಗಂಡಸರು ಮನೆಯಲ್ಲಿ ಅಳುವುದಿಲ್ಲ. ಗಂಟಲು ಕಟ್ಟಿದರೆ ಎದ್ದು ನೀರು ಕುಡಿಯಲು ಹೋಗುತ್ತಾರೆ. ಕತ್ತಲಲ್ಲಿ, ನೂರಾರು ಜನರ ನಡುವೆ, ಯಾರೂ ನೋಡುವುದಿಲ್ಲ ಎಂದಾಗ ಅವರೂ ಮನಬಿಚ್ಚಿ ಅಳುತ್ತಾರೆ. ಚಾರ್ಲಿ ಬಂದ ದಿನಗಳಲ್ಲಿ ಕೆಂಪು ಕಣ್ಣಿನ ಅಪ್ಪಂದಿರು ಹೊರಗೆ ಬಂದದ್ದನ್ನು ಮಕ್ಕಳು ನೋಡಿದರು. ಮಕ್ಕಳು ಅದನ್ನು ನೋಡುವುದು ಒಳ್ಳೆಯದೇ, ಅಲ್ವಾ?

ಏಳು ವರ್ಷದ ಒಳಗಿನವರಿಗೆ ಮನೆಯೇ ಸರಿ. ಸೌಂಡು ಕಡಿಮೆ ಮಾಡಬಹುದು, ನಿಲ್ಲಿಸಬಹುದು, ಮಡಿಲಲ್ಲಿ ಕೂರಿಸಿಕೊಳ್ಳಬಹುದು. ನಾಯಿ ಸಾಯುತ್ತದಾ ಎಂದು ಮೊದಲೇ ಕೇಳಿದರೆ ಸುಳ್ಳು ಹೇಳಬೇಡಿ. ಗೊತ್ತಿದ್ದೂ ನೋಡುವ ಮಗು ಅಳುತ್ತದೆ, ಆದರೆ ಹೆದರುವುದಿಲ್ಲ.

ಸಿನಿಮಾ ಮುಗಿದ ಮೇಲೆ "ನಮಗೂ ಒಂದು ನಾಯಿ ಬೇಕು"

ಇದು ಬಂದೇ ಬರುತ್ತದೆ. ಇಲ್ಲಿ ಅವಸರ ಬೇಡ. ಲ್ಯಾಬ್ರಡಾರ್ 10ರಿಂದ 12 ವರ್ಷ ಬದುಕುವ ನಾಯಿ. ದಿನಾ ಓಡಾಟ ಬೇಕು, ತಿಂದಷ್ಟೂ ದಪ್ಪ ಆಗುತ್ತದೆ, ನಮ್ಮ ಮಳೆಗಾಲದ ತೇವಕ್ಕೆ ಕಿವಿಯ ಸೋಂಕು, ಚರ್ಮದ ತೊಂದರೆ, ಉಣ್ಣಿ ತಪ್ಪುವುದಿಲ್ಲ. ಕದ್ರಿಯ ಎರಡು ಬೆಡ್‌ರೂಮ್ ಫ್ಲಾಟಿನಲ್ಲಿ, ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಅದು ಇಡೀ ದಿನ ಒಂಟಿ. ಹಾಚಿ ನೋಡಿ ಅಕಿತಾ ಬೇಕು ಎಂದರೆ ಖಂಡಿತ ಬೇಡ ಎನ್ನಿ. ಹಿಮ ಬೀಳುವ ಊರಿಗೆ ಬೇಕಾದ ಎರಡು ಪದರದ ಕೂದಲು ಅದಕ್ಕೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಕೆಯಲ್ಲಿ ಅದರ ಪಾಡು ಯೋಚಿಸಿ.

ನಮ್ಮ ಊರ ನಾಯಿಗಳೇ ಈ ಹವೆಗೆ ಹೊಂದುತ್ತವೆ. ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್‌ನ ಆಶ್ರಯಧಾಮ ಉಂಟು. ಮೊದಲೇ ಕೇಳಿಕೊಂಡು ಮಕ್ಕಳ ಜೊತೆ ಒಮ್ಮೆ ಹೋಗಿ ಬನ್ನಿ. ಹಣ ಕೊಟ್ಟೇ ತರುವುದಾದರೆ ಎಂಟು ವಾರ ತುಂಬದ ಮರಿಯನ್ನು ಯಾರು ಕೊಟ್ಟರೂ ತೆಗೆದುಕೊಳ್ಳಬೇಡಿ. ಅಂಥ ಮರಿ ಮಾರುವುದು 2017ರ ನಿಯಮದ ಪ್ರಕಾರ ತಪ್ಪು. ತಾಯಿ ನಾಯಿಯನ್ನೂ ಅದು ಇರುವ ಜಾಗವನ್ನೂ ತೋರಿಸಿ ಎಂದು ಕೇಳಿ. ತೋರಿಸಲು ಒಪ್ಪದವರ ಹತ್ತಿರ ವ್ಯವಹಾರ ಬೇಡ. ಚಾರ್ಲಿ ತಪ್ಪಿಸಿಕೊಂಡು ಬಂದದ್ದು ಅಂಥದ್ದೇ ಜಾಗದಿಂದ.

ಇನ್ನೊಂದು ಎಚ್ಚರಿಕೆ. ಸಿನಿಮಾ ನೋಡಿದ ಸಣ್ಣ ಮಗು ಮರುದಿನವೇ ದಾರಿಯಲ್ಲಿ ಕಂಡ ನಾಯಿಯನ್ನು ಅಪ್ಪಲು ಹೋಗುತ್ತದೆ. ಗುರುತಿಲ್ಲದ ನಾಯಿಯನ್ನು ದೂರದಿಂದಲೇ ಮಾತಾಡಿಸಬೇಕು, ಉಣ್ಣುವಾಗ ಮತ್ತು ಮರಿಗಳ ಜೊತೆ ಇರುವಾಗ ಮುಟ್ಟಲೇಬಾರದು ಎಂದು ಅದೇ ಸಂಜೆ ಹೇಳಿಕೊಡಿ. ಕಚ್ಚಿದರೆ, ಪರಚಿದರೂ ಸಹ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು. ಮನೆಗೆ ಮರಿ ತಂದರೆ ಮೂರು ತಿಂಗಳಾಗುವ ಹೊತ್ತಿಗೆ ರೇಬೀಸ್ ಲಸಿಕೆ ಹಾಕಿಸಿ, ಲಸಿಕೆಯ ಪುಸ್ತಕ ಮಗುವಿನ ಕೈಯಲ್ಲೇ ಕೊಡಿ. ಮುಂದಿನ ತಾರೀಕು ನೆನಪಿಡುವ ಕೆಲಸ ಅದರದ್ದಾಗಲಿ.